ಮೊದಲ ಸಾಲಿನ ದೇವರು

ಹೊಸ ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಅರಿಶಿನದ ವಾಸನೆ ನಿಮಗೆ ಮದುವೆಯೂಟ ನೆನಪಿಸಬಹುದು. ಇವತ್ತು ಬೆಳಿಗ್ಗೆ ಗಿರಾಕಿಯೊಬ್ಬರು ಅಂಥದ್ದೊಂದನ್ನು ನನ್ನ ಕೈಗಿಟ್ಟಾಗ, ನನಗೆ ತಂಗಿ ಗಿರಿಜ ನೆನಪಾದಳು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹರಿಹರದ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತೇನೆ. ಹನ್ನೊಂದು ವರ್ಷದ ಹಿಂದೆ ಗಿರಿಜ ದಾವಣಗೆರೆಯ ವಿದ್ಯಾನಗರದ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಓದುತ್ತಿದ್ದಳು. ಲಗ್ನಪತ್ರಿಕೆ ತಯಾರಿಸುವ ಪ್ರೋಗ್ರಾಮು ಅವಳ ಕೊನೆಯ ವರ್ಷದ ಪ್ರಾಜೆಕ್ಟು. ಪರೀಕ್ಷೆಯ ಹಿಂದಿನ ದಿನ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. ಅವಳಿಗೆ ಕನ್ನಡ ಟೈಪಿಂಗ್ ಬರುತ್ತಿರಲಿಲ್ಲ; ಮಾದರಿ ಕಾರ್ಡೊಂದನ್ನು ನಾನು ಟೈಪು ಮಾಡಿಕೊಡಬೇಕಿತ್ತು. ಅದೊಂದರಲ್ಲಾದರೂ ನಾನು ಅವಳಿಗಿಂತ ಮೇಲು ಎಂದು ಬೀಗಿದ್ದು ಸುಳ್ಳಲ್ಲ.

ಪರದೆ ತುಂಬ ಇಂಗ್ಲಿಷ್ ಸಾಲುಗಳು. ನಡುವೆ ಬಾಣದ ಮೊನೆಯಂಥ ಗುರುತುಗಳೊಳಗೆ ದೇವರ ಹೆಸರಿಗೊಂದು ಜಾಗ, ವಧುವಿಗೊಂದು, ವರನಿಗೊಂದು.

“ಕಾರ್ಡನ್ನ ಬೇರೆ ಕಡೆ ಇಟ್ಟಿಲ್ಲ ಅಣ್ಣ, ಪ್ರೋಗ್ರಾಮಿನ ಹೊಟ್ಟ್ಯಾಗೇ ಬರೆದೀನಿ. ಈ ಗುರುತಿನ ನಡುವಿಂದಷ್ಟೇ ನಿಂದು. ಹೊರಗಿಂದು ಮುಟ್ಟಬ್ಯಾಡ.”

“ಮುಟ್ಟಿದ್ರೆ ಕಚ್ತೈತೇನು?”

“ಕಚ್ಚಲ್ಲ, ಸಾಯ್ತೈತೆ.”

ನಗುತ್ತ ಅವ್ವನ ಹತ್ತಿರ ಮಂಡಕ್ಕಿ ತಿನ್ನಲು ಹೋದಳು.

ಎಲ್ಲ ಸರಿಯಾಗಿಯೇ ಟೈಪು ಮಾಡಿದೆ. ಆದರೆ ‘ಶ್ರೀ ಕರಿಬಸವೇಶ್ವರ ಪ್ರಸನ್ನ’ ಇಂಗ್ಲಿಷ್ ಸಾಲುಗಳ ಕೆಳಗೆ, ಎಲ್ಲೋ ನಡುವಲ್ಲಿತ್ತು. ನಮ್ಮ ಪ್ರೆಸ್ಸಿನಲ್ಲಿ ದೇವರ ಹೆಸರಿನ ಮೇಲೆ ಒಂದು ಚುಕ್ಕೆಯೂ ಕೂರುವಂತಿಲ್ಲ. ಹೊಸದರಲ್ಲಿ ಒಮ್ಮೆ ಪ್ರೆಸ್ಸಿನ ಫೋನ್ ನಂಬರು ಮೇಲಿಟ್ಟಿದ್ದಕ್ಕೆ ಮಾಲೀಕರು ಕಟ್ಟುಗಟ್ಟಲೆ ಕಾರ್ಡು ಸುಡಿಸಿದ್ದರು. ನನ್ನ ಕೈ ಸುಮ್ಮನಿರಲಿಲ್ಲ. ಆ ಸಾಲನ್ನು ಗುರುತು ಸಮೇತ ಎತ್ತಿ ಎಲ್ಲಕ್ಕಿಂತ ಮೇಲೆ ಕೂರಿಸಿದೆ. ಮನಸ್ಸಿಗೆ ಹಿತವಾಯಿತು.

ಬಸ್ಸಿನ ಹೊತ್ತಾಗಿತ್ತು; ಅವಳು ನೋಡದೆಯೇ ಲ್ಯಾಪ್‌ಟಾಪ್ ಮುಚ್ಚಿಕೊಂಡು ಓಡಿದಳು.

ಮರುದಿನ ಪರೀಕ್ಷಕರೆದುರು ಪ್ರೋಗ್ರಾಮು ನಡೆಯಲಿಲ್ಲ. ಮೊದಲ ಸಾಲು ಅಲ್ಲೇಕಿದೆ ಎಂದು ಕೇಳಿದರೆ ಗಿರಿಜ, “ಗೊತ್ತಿಲ್ರಿ,” ಎಂದಳಂತೆ. ಸರಿಪಡಿಸಲು ಕೈ ಚಾಚಿದಾಗ ಅವರು ತಡೆದರಂತೆ: “ನೀನೇ ಬರೆದಿದ್ರೆ ಗೊತ್ತಿರ್ತಿರ್ಲಿಲ್ವಾ? ಯಾರ ಹತ್ರ ಬರೆಸಿದೆ?” ಇಡೀ ಕ್ಲಾಸು ಕೇಳಿಸಿಕೊಂಡಿತು.

ಸಂಜೆ ಫೋನಿನಲ್ಲಿ, “ಅಣ್ಣ, ಆ ಸಾಲು ನೀನೇನಾದ್ರೂ ಸರಿಸಿದ್ಯಾ?” ಎಂದಳು.

“ಇಲ್ಲವ್ವ. ನಿಂದೇ ಕೈ ತಪ್ಪಿರ್ಬೇಕು ನೋಡು.”

ನನ್ನನ್ನು ನಂಬಿದಳು. ನಂಬಿಕೆ ಕಳೆದುಕೊಂಡದ್ದು ತನ್ನ ಮೇಲೆಯೇ. ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಹನ್ನೊಂದು ವರ್ಷದಿಂದ ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾಳೆ.

ಇವತ್ತು ಮಧ್ಯಾಹ್ನ ಬಸ್ಸು ಹತ್ತಿ ಹೋದೆ. ಕೌಂಟರಿನ ಈಚೆ ನಿಂತು ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೀರೆಯ ಅಂಚು ಕೂಡಿಸುತ್ತಲೇ ಇದ್ದಳು.

“ಈಗ ಮತ್ತೆ ಕಲಿಬಹುದಲ್ಲವ್ವ,” ಎಂದೆ, ನಾಚಿಕೆಯಿಲ್ಲದೆ.

“ಅವತ್ತೇ ಹೇಳಿದ್ರೆ, ಒಂದು ಸಾಲು ಕೆಳಗಿಳಿಸಿದ್ರೆ ಮುಗೀತಿತ್ತು,” ಎಂದಳು. ಆಮೇಲೆ ನನ್ನ ಹಿಂದೆ ನಿಂತಿದ್ದ ಗಿರಾಕಿಗೆ, “ಬರ್ರಿ, ಕೂಡ್ರಿ, ಏನ್ ತೋರಿಸ್ಲಿ?” ಎಂದಳು. ನನ್ನತ್ತ ನೋಡದೆ, “ದಾರಿ ಬಿಡ್ರಿ,” ಎಂದಳು.