ಅಮ್ಮನ 'ಉಂಡ್ಯಾ'

ಸ್ನೇಹಿತರೇ, ಇವತ್ತು ಮಧ್ಯಾಹ್ನ ನಾನು ಕೆಲಸ ಮಾಡುವ ಸೇಲಂನ ಬೆಳ್ಳಿಗೆಜ್ಜೆ ತಯಾರಿಸುವ ಪಟ್ಟರೆಯ ಬಾಗಿಲಿಗೆ ಅಮ್ಮ ಬಂದು ನಿಂತಳು. ನಮ್ಮೂರು ಕೊಳತ್ತೂರಿನಿಂದ ಬಸ್ಸು ಬದಲಿಸಿ ಬಂದಿದ್ದಾಳೆ, ಕೈಯಲ್ಲಿ ರಾಗಿಮುದ್ದೆ, ಹುರುಳಿ ಸಾರಿನ ಡಬ್ಬಿ.

"ಯಾಕ್ಲಾ ಉಣ್ಣಾಕಿಲ್ಲ? ದಿನಾ ಕೇಳ್ತಾ ಇವ್ನಿ, ದಿನಾ ಇಲ್ಲ ಅಂತೀಯ. ಮೈ ಒಡಂಬು ಸರಿ ಇಲ್ವಾ?"

"ನೀನು ಯಾವಾಗಮ್ಮ ಕೇಳ್ದೆ?"

ಫೋನ್ ತೋರಿಸಿದಳು. ಅಮ್ಮನಿಗೆ ಓದು ಬರುವುದಿಲ್ಲ. ಆಡಿದ್ದನ್ನು ಫೋನೇ ತಮಿಳಿನಲ್ಲಿ ಬರೆದು ನನಗೆ ಕಳಿಸುವಂತೆ ಅಣ್ಣ ಮಾಡಿಕೊಟ್ಟಿದ್ದಾನೆ. ನಮ್ಮ ಮನೆ ಕನ್ನಡ ಅದಕ್ಕೇನು ಗೊತ್ತು? ಇವಳು "ಉಂಡ್ಯಾ" ಅಂದರೆ ಅದು "ಉಂಡಾ" ಅಂತ ಬರೆಯುತ್ತದೆ. ತಮಿಳಿನಲ್ಲಿ ಅದಕ್ಕೆ 'ಇದೆಯಾ' ಎಂದರ್ಥ. ಊರಿಗೆ ಬರಲು ರಜೆ ಇದೆಯಾ ಅಂತ ಕೇಳುತ್ತಿದ್ದಾಳೆ ಎಂದುಕೊಂಡು ನಾನು ದಿನವೂ "ಇಲ್ಲಮ್ಮ" ಅಂತ ವಾಯ್ಸ್ ಕಳಿಸುತ್ತಿದ್ದೆ.

ವಿಷಯ ಹೇಳಿದರೆ ಅಮ್ಮ ನಗಲೂ ಇಲ್ಲ. "ಅದಿರ್ಲಿ, ಈಗ ಉಣ್ಣು" ಅಂದಳು. ಮುದ್ದೆ ಮುಗಿಯುವವರೆಗೂ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು.

ಸಂಜೆ ಬಸ್ ಹತ್ತಿಸಿ ಬಂದೆ. ಈಗಷ್ಟೇ ಮತ್ತೆ "ಉಂಡಾ" ಬಂತು. ಹೊಟ್ಟೆ ಇನ್ನೂ ತುಂಬಿಯೇ ಇದೆ. ಆದರೂ "ಇಲ್ಲಮ್ಮ" ಅಂತಲೇ ಕಳಿಸಿದೆ.