ನೋಟೊದ ಚರ್ಚಿನ ಮುಂದೆ ಬಿಟ್ಟ ಚಪ್ಪಲಿ

“ಇವು ಯಾರ ಚಪ್ಪಲಿ?” ನನ್ನ ಫೋನಿನಲ್ಲಿದ್ದ ಫೋಟೊವನ್ನು ದೊಡ್ಡದು ಮಾಡಿ ನೋಡುತ್ತಾ ಜೋ ಅಂಕಲ್ ಕೇಳಿದರು. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಹುಟ್ಟಿದ್ದು ಸಿಸಿಲಿ ದ್ವೀಪದ ನೋಟೊದಲ್ಲಿ. ಶತಮಾನಗಳ ಹಿಂದೆ ಭೂಕಂಪದಲ್ಲಿ ನೆಲಸಮವಾಗಿ, ಬೇರೆ ಜಾಗದಲ್ಲಿ ಅಲಂಕಾರ ತುಂಬಿದ ಬರೋಕ್ ಶೈಲಿಯಲ್ಲಿ ಮತ್ತೆ ಕಟ್ಟಿದ ಆ ಊರಿಗೆ ನಾವು ಪ್ರವಾಸ ಹೋಗಿಬಂದಿದ್ದೆವು.

“ನಮ್ಮವೇ ಅಂಕಲ್. ದೇವರಿರೋ ಜಾಗ ಅಲ್ವಾ, ಅಭ್ಯಾಸಬಲ, ಚರ್ಚಿನ ಮೆಟ್ಟಿಲ ಕೆಳಗೇ ಬಿಟ್ವಿ. ನೋಡಿದವರೆಲ್ಲ ನಕ್ಕರು.”

ಅವರು ನಗಲಿಲ್ಲ. ಆಸ್ಟ್ರೇಲಿಯಾಕ್ಕೆ ಹಡಗು ಹತ್ತುವ ಮುನ್ನ ಅವರ ಅಮ್ಮ ಹರಕೆ ಹೊತ್ತು ಅದೇ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಿದ್ದರಂತೆ. ಬೇಗ ತೀರಿಹೋದ ಅಮ್ಮನ ಬಗ್ಗೆ ಅಂಕಲ್‌ಗೆ ಉಳಿದಿದ್ದ ನೆನಪು ಅದೊಂದೇ. ಸಿಡ್ನಿಯಲ್ಲಿರುವ ಅಕ್ಕ ಮಾತ್ರ ಅದೆಲ್ಲ ನಿನ್ನ ಕಲ್ಪನೆ ಎಂದು ಯಾವಾಗಲೂ ತಳ್ಳಿಹಾಕುತ್ತಿದ್ದರು.

ಅಂಕಲ್ ಅಲ್ಲೇ ಕುಳಿತು ಅಕ್ಕನಿಗೆ ಫೋಟೊ ಕಳಿಸಿ ಕರೆ ಮಾಡಿದರು.  ಫೋಟೊ ನೋಡಿದ ಅಕ್ಕ ತಮ್ಮ ಭಾಷೆಯಲ್ಲಿ ಗದರಿದರು. ಅದನ್ನು ನಮಗೆ ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಅಂಕಲ್ ಅತ್ತೇಬಿಟ್ಟರು: “ನಿಂಗೇನು ಗೊತ್ತೋ, ಆಗ ನೀನಿನ್ನೂ ಮಗು. ಅಮ್ಮನ ಬೂಟು ಹಿಡ್ಕೊಂಡು ನಿಂತಿದ್ದವಳು ನಾನು!”

ಅಕ್ಕನಿಗೆ ನೆನಪು ಮರಳಿತೋ, ನಮ್ಮ ಫೋಟೊ ನೋಡಿ ಹೊಸದಾಗಿ ಹುಟ್ಟಿತೋ ನಾನು ಹೇಳಲಾರೆ. ನೋಟೊದ ಮೆಟ್ಟಿಲ ಕಲ್ಲು ಬಿಸಿಲಿಗೆ ಕಾದಿತ್ತು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆ ದಿನ ಮೋಡವಿತ್ತು, ತಣ್ಣಗಿತ್ತು ಎನ್ನುತ್ತಾರೆ ನನ್ನವರು. ಈಗ ವಾದಿಸುವುದಿಲ್ಲ. ಕಣ್ಣು ಮುಚ್ಚಿದರೆ ಅಂಗಾಲು ಇನ್ನೂ ಸುಡುತ್ತದೆ.