ಹೋಳಿಗೆಗೆ ಮೊದಲು ಹಾಲೋ ತುಪ್ಪವೋ

ಹೋದ ವಾರ ಹಿರೇನಲ್ಲೂರಿನ ಅಕ್ಕನ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ತುಪ್ಪ ಕಾಯಿಸುವ ವಾಸನೆ ಮೂಗಿಗೆ ಬಂತು. ಹೋಳಿಗೆ ಮಾಡಿದ್ದಾಳೆ ಎಂದು ಗೊತ್ತಾಯಿತು. ಬೀರೂರಿನಲ್ಲಿ ಬಸ್ಸು ತಪ್ಪಿಸಿಕೊಂಡ ಸಿಟ್ಟು ಅಲ್ಲೇ ಇಳಿಯಿತು. ನಾನು ಅಷ್ಟು ಸುಲಭದ ಮನುಷ್ಯ.

ನಿಮ್ಮ ಮನೆಯಲ್ಲಿ ಹೋಳಿಗೆಗೆ ಮೊದಲು ಬೀಳುವುದು ಹಾಲೋ ತುಪ್ಪವೋ? ಹೊಟ್ಟೆಗೆ ಹೋದ ಮೇಲೆ ಎರಡೂ ಒಂದೇ ಎನ್ನುವವರಾದರೆ ನೀವು ಪುಣ್ಯವಂತರು. ಅಜ್ಜಂಪುರದ ನಮ್ಮ ಮನೆಯಲ್ಲಿ ಮೊದಲು ತುಪ್ಪ. ಬಿಸಿ ಹೋಳಿಗೆ ತುಪ್ಪ ಕುಡಿಯಬೇಕು, ಹಾಲು ಆಮೇಲೆ. ಅಕ್ಕ ಸೇರಿದ ಮನೆಯಲ್ಲಿ ಮೊದಲು ಹಾಲು. ಹೋಳಿಗೆ ನೆನೆದು ಮೆತ್ತಗಾದ ಮೇಲಷ್ಟೇ ತುಪ್ಪ. ಇದಕ್ಕಾಗಿ ಒಂದು ಸಂಬಂಧವೇ ಮುರಿಯುವುದರಲ್ಲಿತ್ತು ಎಂದರೆ ನೀವು ನಗಬಹುದು. ಅವತ್ತು ನಮಗೆ ನಗು ಬಂದಿರಲಿಲ್ಲ.

ಗಂಡಿನ ಕಡೆಯವರು ಮಾತುಕತೆಗೆಂದು ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. ಅಕ್ಕನಿಗೆ ಹುಡುಗ ಹಿಡಿಸಿದ್ದ. ಅವಳ ಮನಸ್ಸನ್ನು ಯಾರೂ ಕೇಳಿರಲಿಲ್ಲ. ನಾನು ಬಡಿಸಲು ಹೊರಟಾಗ ಅಡುಗೆಮನೆಯಲ್ಲಿ ತಡೆದು ಹೇಳಿದಳು: "ಲೇ, ಈ ಸಂಬಂಧ ತಪ್ಪಬಾರ್ದು ಕಣೋ. ಸುಮ್ನೆ ಬಡಿಸ್ಕೊಂಡು ಬಾ, ನಿನ್ನ ವಾದ ಎಲ್ಲ ಆಮೇಲೆ."

ತುಪ್ಪದ ಗಿಂಡಿ ಹಿಡಿದು ಪಂಕ್ತಿಗೆ ಇಳಿದೆ. ನನ್ನ ಹಿಂದೆ ಹಾಲಿನ ತಂಬಿಗೆ ಹಿಡಿದ ಚಿಕ್ಕಮ್ಮ. ಮೊದಲ ಎಲೆಯಲ್ಲಿ ಕೂತಿದ್ದ ಹುಡುಗನ ದೊಡ್ಡಪ್ಪ ಹೋಳಿಗೆಗೆ ಕೈ ಅಡ್ಡ ಹಿಡಿದರು.

"ತಡಿಯಪ್ಪಾ, ಹಾಲು ಬರ್ಲಿ. ತುಪ್ಪ ಹಾಕಿದ್ಮೇಲೆ ಹಾಲು ನಿಲ್ತದಾ? ಜಾರ್ಕೊಂಡು ಪಲ್ಯದ ಕಡೆ ಹೋಗ್ತದೆ."

ಒಳಬಾಗಿಲಲ್ಲಿ ನಿಂತಿದ್ದ ನಮ್ಮಜ್ಜಿಗೆ ಇದು ಕೇಳಿಸಿತು. ಅಜ್ಜಿ ನಾಲಿಗೆಗೆ ಕಡಿವಾಣ ಹಾಕಿದವರಲ್ಲ. "ಹಾಲಿನ ಮ್ಯಾಲೆ ಒಂದು ಹನಿ ತುಪ್ಪ ಬಿಟ್ರೂ ತೇಲ್ತದೆ, ನೋಡೋರಿಗೆ ಬೇಕಾದಷ್ಟು ಕಾಣ್ತದೆ. ಕೈ ಬಿಗಿ ಇರೋರ ಮನೆ ಉಪಾಯ ಅದು."

"ಅಂಥ ಮನೆಗೆ ಹೆಣ್ಣು ಯಾಕೆ ಕೊಡ್ತೀರಿ, ಬಿಡಿ" ಎಂದು ದೊಡ್ಡಪ್ಪ ಎಲೆಯಿಂದ ಹಿಂದಕ್ಕೆ ಸರಿದು ಕೂತರು.

ಹಿರಿಯರು ಮುಟ್ಟದೆ ಉಳಿದವರು ಉಣ್ಣುವಂತಿಲ್ಲ. ಇಡೀ ಪಂಕ್ತಿ ಒಣ ಹೋಳಿಗೆ ನೋಡುತ್ತಾ ಕೂತಿತು. ಬೆಳಗಿನಿಂದ ಒಲೆ ಮುಂದೆ ಬೆಂದ ಅಮ್ಮನನ್ನು ನೆನೆದು ನನಗೆ ಅಜ್ಜಿಯ ಮೇಲೆ ವಿಪರೀತ ಕೋಪ ಬಂತು.

ಆಗ ಅಕ್ಕ ಹೊರಗೆ ಬಂದಳು. ಮಾತುಕತೆಯ ದಿನ ಹುಡುಗಿ ಪಂಕ್ತಿಗೆ ಬಡಿಸುವ ಪದ್ಧತಿಯಿಲ್ಲ. ಚಿಕ್ಕಮ್ಮನ ಕೈಯಿಂದ ತಂಬಿಗೆ ತೆಗೆದುಕೊಂಡಳು, ನೇರ ಹುಡುಗನ ಎಲೆಗೆ ಹೋಗಿ ಹೋಳಿಗೆ ಮೇಲೆ ಹಾಲು ಹೊಯ್ದಳು. ಅದು ನೆನೆಯುವವರೆಗೆ ನಿಂತಿದ್ದು, ನನ್ನ ಗಿಂಡಿ ಇಸಿದುಕೊಂಡು ಮೇಲೆ ಧಾರಾಳವಾಗಿ ತುಪ್ಪ ಬಿಟ್ಟಳು. ಯಾರ ಮುಖವನ್ನೂ ನೋಡಲಿಲ್ಲ.

ಅಜ್ಜಿ ಒಳಬಾಗಿಲು ಬಿಟ್ಟು ಮುಂದೆ ಬಂದು, "ಇನ್ನೇನು ಮಾತುಕತೆ ಐತೆ? ಹುಡುಗಿ ಒಪ್ಪಾಯ್ತು. ಎಲ್ರಿಗೂ ಹಾಲು ಹಾಕ್ರಮ್ಮಾ" ಎಂದರು. ದೊಡ್ಡಪ್ಪ ಎಲೆಯತ್ತ ಬಾಗಿದರು.

ಹೋದ ವಾರವೂ ಅಕ್ಕ ನನಗೆ, ಭಾವನಿಗೆ ಹಾಲೇ ಮೊದಲು ಹಾಕಿದಳು. ತವರಿನ ರುಚಿ ಮರೆತೇಬಿಟ್ಟಳು ಎಂದುಕೊಂಡೆ. ಊಟವಾದ ಮೇಲೆ ನೀರಿಗೆಂದು ಅಡುಗೆಮನೆಗೆ ಹೋದರೆ ಒಬ್ಬಳೇ ತಟ್ಟೆ ಮುಂದೆ ಕೂತಿದ್ದಳು. ಒಣ ಹೋಳಿಗೆ ಮೇಲೆ ತುಪ್ಪ. ಹಾಲಿನ ಲೋಟ ಪಕ್ಕದಲ್ಲಿ ಹಾಗೇ ಇತ್ತು.

"ಏನಕ್ಕಾ ಇದು?"

"ನಂಗೆ ಹಿಂಗೇ ಸೇರೋದು ಕಣೋ. ಅಷ್ಟು ಜನದ ಮುಂದೆ ಹಾಲು ಹಾಕಿದೋಳು, ಆಮೇಲೆ ಹೆಂಗೆ ಬದಲಾಯ್ಸೋದು? ಎಲ್ರೂ ಎದ್ಮೇಲೆ ಹಿಂಗೆ ಉಣ್ತೀನಿ."

"ಭಾವಂಗೆ ಗೊತ್ತಾ?"

"ಮತ್ತೆ? ಹೋಳಿಗೆ ಮಾಡ್ದಾಗೆಲ್ಲ ತುಪ್ಪ ಬಿಸಿ ಮಾಡಿ ಇಲ್ಲಿಟ್ಟು ಹೋಗೋರು ಯಾರು ಅನ್ಕೊಂಡೆ?"

ಸಂಕಟವೂ ಆಯಿತು, ಸಂತೋಷವೂ ಆಯಿತು. ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಆದರೂ ಒಂದು ತಟ್ಟೆ ತೆಗೆದುಕೊಂಡು ಅವಳ ಪಕ್ಕದಲ್ಲಿ ಕೂತೆ.

"ನಂಗೂ ಒಂದು ಹಾಕಕ್ಕಾ" ಎಂದೆ. "ತುಪ್ಪ ಮೊದ್ಲು."